ಕುಟ್ನಾ ಹೋರಾದ ಕಮ್ಮಟ: ಬೆಳ್ಳಿ ಕರಗಿದ ಕತೆ

ಆ ಬೆಳ್ಳಿ ನಾಣ್ಯವನ್ನು ಎಲ್ಲರೂ ‘ಪ್ರಾಗ್ ಗ್ರೋಶ್’ ಅಂತಲೇ ಕರೆದರು. ನಾಣ್ಯದ ಮೇಲೂ ಪ್ರಾಗ್ ಹೆಸರೇ ಇದೆ. ಆದರೆ ಅದನ್ನು ಅಚ್ಚು ಹಾಕಿದ್ದು ಪ್ರಾಗ್‌ನಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದ ಕುಟ್ನಾ ಹೋರಾದಲ್ಲಿ. ಈಗಿನ ಚೆಕ್ ದೇಶದ ಒಂದು ಗಣಿ ಊರು ಅದು. ಹೆಸರು ಮಾತ್ರ ರಾಜಧಾನಿಗೆ ಹೋಯಿತು.

13ನೇ ಶತಮಾನದ ಕೊನೆಗೆ ಇಲ್ಲಿ ಬೆಳ್ಳಿ ಸಿಕ್ಕಿತು. ಜನ ಮುಗಿಬಿದ್ದರು. ನೋಡನೋಡುತ್ತಲೇ ಊರು ಎದ್ದಿತು.

ಅದಕ್ಕೆ ಮೊದಲು ಬೊಹೀಮಿಯಾದ, ಅಂದರೆ ಪ್ರಾಗ್ ರಾಜಧಾನಿಯಾಗಿದ್ದ ಆಗಿನ ರಾಜ್ಯದ, ದುಡ್ಡಿನ ಸ್ಥಿತಿ ಕೆಟ್ಟದಾಗಿತ್ತು. ಒಂದು ಬದಿಗೆ ಮಾತ್ರ ಅಚ್ಚಿದ್ದ ತೆಳ್ಳನೆಯ ಬಿಲ್ಲೆಗಳು, ಮುಟ್ಟಿದರೆ ಬಾಗುವಂಥವು. ಅವನ್ನೂ ಆಗಾಗ ವಾಪಸ್ ತರಿಸಿಕೊಂಡು ಹೊಸದು ಕೊಡುತ್ತಿದ್ದರು. ಕೊಟ್ಟಷ್ಟು ತಿರುಗಿ ಬರುತ್ತಿರಲಿಲ್ಲ, ವ್ಯತ್ಯಾಸ ಬೊಕ್ಕಸಕ್ಕೆ. ತೆರಿಗೆಗೆ ಇನ್ನೊಂದು ಹೆಸರು, ಅಲ್ವಾ?

1300ರಲ್ಲಿ ರಾಜ ಎರಡನೇ ವೆನ್ಸೆಸ್ಲಾಸ್ ಇದನ್ನು ಬದಲಿಸಿದ. ಫ್ಲಾರೆನ್ಸ್‌ನಿಂದ ಹಣದ ವ್ಯವಹಾರ ಬಲ್ಲವರನ್ನು ಕರೆಸಿದ. ಅಲ್ಲಲ್ಲಿ ಚದುರಿದ್ದ ಕಮ್ಮಟಗಳ (ನಾಣ್ಯ ಅಚ್ಚು ಹಾಕುವ ಜಾಗಗಳ) ಕೆಲಸವನ್ನು ಕುಟ್ನಾ ಹೋರಾದ ಒಂದೇ ಅಂಗಳಕ್ಕೆ ತಂದ. ಆ ಕಟ್ಟಡಕ್ಕೆ ಇಂದಿಗೂ ‘ಇಟಲಿಯವರ ಅಂಗಳ’ ಎಂದೇ ಹೆಸರು. ಜೊತೆಗೆ ಗಣಿ ಕಾನೂನೂ ಬಂತು. ತೆಗೆದ ಅದಿರಿನಲ್ಲಿ ಎಂಟನೇ ಒಂದು ಪಾಲು ರಾಜನದು. ಉಳಿದ ಬೆಳ್ಳಿಯನ್ನೂ ಕಮ್ಮಟಕ್ಕೇ ಮಾರಬೇಕು.

ಹೊಸ ಗ್ರೋಶ್ ಕೈಗೆ ಸಿಕ್ಕರೆ ತೂಕ ಗೊತ್ತಾಗುತ್ತಿತ್ತು. 4 ಗ್ರಾಂಗೆ ಸ್ವಲ್ಪ ಕಡಿಮೆ, ಅದರಲ್ಲಿ ಶೇ. 90ಕ್ಕಿಂತ ಜಾಸ್ತಿ ಬೆಳ್ಳಿ. ಒಂದು ಬದಿಗೆ ಕಿರೀಟ, ಅದರ ಸುತ್ತ ಎರಡು ಸಾಲು ಲ್ಯಾಟಿನ್ ಅಕ್ಷರ. ಇನ್ನೊಂದು ಬದಿಗೆ ಎರಡು ಬಾಲದ ಸಿಂಹ. ಹೆಸರು ಬಂದಿದ್ದು ‘ದಪ್ಪ’ ಎಂಬರ್ಥದ ಲ್ಯಾಟಿನ್ ಪದದಿಂದ. ಒಂದು ಗ್ರೋಶ್‌ಗೆ 12 ಪುಡಿ ನಾಣ್ಯ. ದೊಡ್ಡ ಮೊತ್ತವನ್ನು ಅರವತ್ತರ ಲೆಕ್ಕದಲ್ಲಿ ಎಣಿಸುತ್ತಿದ್ದರು.

ಕೆಲಸ ಎಲ್ಲಾ ಕೈಯಲ್ಲೇ. ಬೆಳ್ಳಿ ಕರಗಿಸಿ ಸರಳುಗಳಾಗಿ ಎರಕ ಹೊಯ್ಯುವುದು, ಬಡಿದು ತಗಡು ಮಾಡುವುದು, ದುಂಡಗೆ ಕತ್ತರಿಸುವುದು. ಬಡಿದೂ ಕಾಯಿಸಿಯೂ ಕಪ್ಪಾದ ಬಿಲ್ಲೆಗಳನ್ನು ಹುಳಿ ದ್ರಾವಣದಲ್ಲಿ ಹಾಕಿ ಬೆಳ್ಳಗೆ ಮಾಡುತ್ತಿದ್ದರು. ಆಮೇಲೆ ದಿಮ್ಮಿಗೆ ನೆಟ್ಟ ಅಚ್ಚಿನ ಮೇಲೆ ಬಿಲ್ಲೆ ಇಟ್ಟು, ಮೇಲಿನ ಅಚ್ಚನ್ನು ಎಡಗೈಲಿ ಹಿಡಿದು, ಬಲಗೈಲಿ ಸುತ್ತಿಗೆ ಏಟು. ಏಟು ಓರೆಯಾದರೆ ಸಿಂಹದ ಬಾಲ ಅರ್ಧಕ್ಕೇ ನಿಲ್ಲುತ್ತಿತ್ತು. ಹೀಗೆ ಓರೆ ಬಿದ್ದ ಗ್ರೋಶ್‌ಗಳು ಈಗಲೂ ಬೇಕಾದಷ್ಟು ಸಿಗುತ್ತವೆ.

ನನ್ನ ಕೇಳಿದರೆ, ಕತೆಯ ನಿಜವಾದ ತಿರುವು ಇರುವುದು ಆ ಹುಳಿ ದ್ರಾವಣದಲ್ಲೇ. ಮುಂದಿನ ರಾಜರಿಗೆ ಯುದ್ಧದ ಖರ್ಚಿತ್ತು. ಲಕ್ಸೆಂಬರ್ಗ್ ಮನೆತನದ ಜಾನ್ 1310ರಲ್ಲಿ ಬಂದ ಮೇಲೆ ನಾಣ್ಯದಲ್ಲಿ ಬೆಳ್ಳಿ ಇಳಿದು ತಾಮ್ರ ಏರುತ್ತಾ ಹೋಯಿತು. ಕಿರೀಟ, ಸಿಂಹ ಮಾತ್ರ ಹಾಗೇ ಉಳಿದವು. ದ್ರಾವಣ ಮೇಲ್ಮೈಯ ತಾಮ್ರವನ್ನಷ್ಟೇ ತಿಂದುಹಾಕುತ್ತದೆ. ಹೊಸ ನಾಣ್ಯ ಥಳಥಳ ಅನ್ನುತ್ತದೆ, ಒಳಗಿನ ಸತ್ಯ ಸವೆದ ಮೇಲೆ ಹೊರಬೀಳುತ್ತದೆ.

ವ್ಯಾಪಾರಿಗಳೇನು ದಡ್ಡರಲ್ಲ. ಗ್ರೋಶ್ ಓಡಾಡುತ್ತಿದ್ದ ಜರ್ಮನ್ ನಗರಗಳು ನಾಣ್ಯವನ್ನು ಪರೀಕ್ಷಿಸಿ, ಒಳ್ಳೆಯದು ಅನಿಸಿದ್ದಕ್ಕೆ ತಮ್ಮದೇ ಪುಟ್ಟ ಮುದ್ರೆ ಒತ್ತತೊಡಗಿದವು. ಆಗ್ಸ್‌ಬರ್ಗ್, ಉಲ್ಮ್ ನಗರಗಳ ಮುದ್ರೆಯಿರುವ ಗ್ರೋಶ್‌ಗಳು ಉಳಿದಿವೆ. ರಾಜನ ಅಚ್ಚಿದ್ದರೂ ಊರವರ ಸಾಕ್ಷಿ ಬೇಕಾಯಿತು.

ಅಷ್ಟರಲ್ಲಿ ಧರ್ಮ ಸುಧಾರಕ ಯಾನ್ ಹುಸ್‌ನ ಅನುಯಾಯಿಗಳಾದ ಹುಸ್ ಪಂಥದವರ ಯುದ್ಧ ಶುರುವಾಯಿತು. 1421ರ ಡಿಸೆಂಬರ್‌ನಲ್ಲಿ ರಾಜ ಸಿಗಿಸ್ಮಂಡ್ ಊರನ್ನು ಹಿಡಿದ. ತಿಂಗಳೊಳಗೆ ಹುಸ್ ಪಂಥದವರಿಗೆ ಸೋತು ಓಡುವಾಗ ಅವನ ಸೈನ್ಯ ಊರಿಗೇ ಬೆಂಕಿ ಇಟ್ಟಿತು. ಗಣಿ ಕೆಲಸ ನಿಂತುಹೋಯಿತು.

ಆಮೇಲೆ ಕಮ್ಮಟ ಮತ್ತೆ ಎದ್ದಿತು. 1471ರಲ್ಲಿ ವ್ಲಾಡಿಸ್ಲಾವ್‌ನನ್ನು ಬೊಹೀಮಿಯಾದ ರಾಜನಾಗಿ ಆರಿಸಿದ್ದೂ ಇಲ್ಲೇ. ಆದರೆ ಬೆಳ್ಳಿಗಾಗಿ ಇನ್ನೂ ಆಳಕ್ಕೆ ಇಳಿಯಬೇಕಿತ್ತು. ‘ಕತ್ತೆ’ ಎಂಬ ಹೆಸರಿನ ಗಣಿ ಸುಮಾರು 500 ಮೀಟರ್ ಇಳಿದಿತ್ತು. ಅಷ್ಟು ಕೆಳಗಿನಿಂದ ನೀರು ಎತ್ತಿ ಹಾಕುವುದೇ ದೊಡ್ಡ ಖರ್ಚು. ಅದೇ ಹೊತ್ತಿಗೆ ಯಾಕಿಮೋವ್ ಎಂಬ ಹೊಸ ಊರಿನಲ್ಲಿ ಬೆಳ್ಳಿ ಸಿಕ್ಕಿತು. ಅಲ್ಲಿ 1520ರ ಸುಮಾರಿಗೆ ದೊಡ್ಡ ‘ಟಾಲರ್’ ನಾಣ್ಯ ಬಂತು. ‘ಡಾಲರ್’ ಎಂಬ ಹೆಸರು ಹುಟ್ಟಿದ್ದು ಇದರಿಂದಲೇ.

ಟಾಲರ್ ಮುಂದೆ ಸೊರಗಿದ ಗ್ರೋಶ್ ನಿಲ್ಲಲಿಲ್ಲ. 1547ರಲ್ಲಿ ಅದರ ಅಚ್ಚು ನಿಂತಿತು. ಕಮ್ಮಟ ಬೇರೆ ನಾಣ್ಯ ಹಾಕುತ್ತಾ 1720ರ ದಶಕದವರೆಗೆ ಎಳೆದಾಡಿ ಬಾಗಿಲು ಹಾಕಿತು. ಇಟಲಿಯವರ ಅಂಗಳಕ್ಕೆ ಈಗ ಹೋದರೆ, ಸುತ್ತಿಗೆ ಬಡಿಯುತ್ತಿದ್ದ ಕೋಣೆಗಳ ಬಾಗಿಲ ಗುರುತು ಗೋಡೆಯಲ್ಲಿ ಕಾಣುತ್ತದೆ.