ಓದುಗರ ಪ್ರಶ್ನೆ: ಒಂದೂವರೆ ಕೋಟಿ ಬಾಳುವ ಮನೆಗೆ ಎಷ್ಟು ವಿಮೆ ಮಾಡಿಸಲಿ?

ಪ್ರಶ್ನೆ: ಬೆಂಗಳೂರಿನಲ್ಲಿ 30×40 ಸೈಟಿನ ಮೇಲೆ ಸ್ವಂತ ಮನೆ. ಇವತ್ತು ಮಾರಿದರೆ ಒಂದೂವರೆ ಕೋಟಿ ಬರುತ್ತದೆ. ಅಷ್ಟಕ್ಕೂ ವಿಮೆ ಬೇಕೆ?

ಬೇಡ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಆ ಒಂದೂವರೆ ಕೋಟಿಯಲ್ಲಿ ಬಹುಪಾಲು ಸೈಟಿನ ಬೆಲೆ. ಬೆಂಕಿ ಬಿದ್ದರೆ ಸುಡುವುದು ಮನೆ, ಸೈಟಲ್ಲ. ‘ಗುಡ್ಡ ಜರಿದು ನೆಲವೇ ಹೋದರೆ?’ ಎಂದು ಕೊಡಗಿನವರು ಕೇಳುತ್ತಾರೆ. 2018ರ ಮಳೆಗಾಲ ಕಂಡವರು ಕೇಳಲೇಬೇಕಾದ ಮಾತು. ಭೂಕುಸಿತವೂ ಮನೆ ವಿಮೆಯ ಪಾಲಿಸಿಯಲ್ಲಿ ಸೇರಿದೆ, ನಿಜ. ಆದರೂ ಸಿಗುವುದು ಕಟ್ಟಡದ ದುಡ್ಡು ಮಾತ್ರ. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ, ಬ್ಯಾಂಕಿನ ವ್ಯಾಲ್ಯುಯೇಷನ್, ಸಾಲದ ಮೊತ್ತ, ಈ ಮೂರರಲ್ಲಿ ಯಾವುದನ್ನೂ ಪಾಲಿಸಿಗೆ ತರಬೇಡಿ. ಒಂದೂವರೆ ಕೋಟಿಗೆ ಪ್ರೀಮಿಯಂ ಕಟ್ಟಿದರೂ ಕ್ಲೇಮಿನಲ್ಲಿ ಬರುವುದು ಮತ್ತೆ ಕಟ್ಟುವ ಖರ್ಚಷ್ಟೇ.

2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಎಂಬ ಮನೆ ವಿಮೆ ಪಾಲಿಸಿಯಲ್ಲಿ ಸೂತ್ರ ಸ್ಪಷ್ಟವಾಗಿದೆ: ಕಾರ್ಪೆಟ್ ಏರಿಯಾವನ್ನು, ಅಂದರೆ ಮನೆಯೊಳಗೆ ಬಳಸುವ ನೆಲದ ಅಳತೆಯನ್ನು, ಇಂದಿನ ನಿರ್ಮಾಣ ದರದಿಂದ ಗುಣಿಸಬೇಕು. ಕಾರ್ಪೆಟ್ ಏರಿಯಾಗೆ ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ. ಒಳಗಿನ ಅಡ್ಡಗೋಡೆ ಸೇರುತ್ತದೆ. ಗೋಡೆ, ಮೆಟ್ಟಿಲಿನಂಥ ಜಾಗವನ್ನೂ ಸೇರಿಸಿ ಬಿಲ್ಡರ್ ಹೇಳುವ ಸೂಪರ್ ಬಿಲ್ಟ್‌ಅಪ್ ಅಳತೆ ಇಲ್ಲಿ ನಡೆಯದು.

ಎರಡು ಮಹಡಿ ಸೇರಿ ಕಾರ್ಪೆಟ್ 15 ಚದರ, ಅಂದರೆ 1,500 ಚದರ ಅಡಿ ಎನ್ನಿ. ಅಡಿಗೆ 2,200 ರೂಪಾಯಿ ಹಿಡಿದರೆ 33 ಲಕ್ಷ. ಕಾಂಪೌಂಡ್, ಗೇಟು, ಸಂಪು, ಸೋಲಾರ್ ಪ್ಯಾನೆಲ್‌ಗಳನ್ನು ಬೇರೆಯಾಗಿ ಬರೆಯಬೇಕು. ಅವಕ್ಕೆ 4 ಲಕ್ಷ. ಒಟ್ಟು 37 ಲಕ್ಷ. ನಿಮ್ಮ ಮೇಸ್ತ್ರಿ ಇವತ್ತು ಹೇಳುವ ದರ ಹಾಕಿಕೊಳ್ಳಿ, ಹತ್ತು ವರ್ಷದ ಹಿಂದಿನದಲ್ಲ. ಪ್ರಪೋಸಲ್ ಫಾರ್ಮಿನಲ್ಲಿ (ವಿಮೆಯ ಅರ್ಜಿಯಲ್ಲಿ) ಅಳತೆ ಚದರ ಮೀಟರಿನಲ್ಲಿ ಕೇಳಿದರೆ 10.764ರಿಂದ ಭಾಗಿಸಿ: 139.35. ಅಲ್ಲಿ 1,500 ಎಂದು ಬರೆದು ಎಡವಬೇಡಿ.

ಕಟ್ಟಡಕ್ಕೆ ಮಾಡಿಸಿದರೆ ಮನೆಯ ಸಾಮಾನಿಗೂ ತಾನಾಗಿಯೇ ಕಟ್ಟಡದ ಮೊತ್ತದ ಶೇ. 20ರಷ್ಟು ರಕ್ಷಣೆ ಸಿಗುತ್ತದೆ, ಇಲ್ಲಿ 7.4 ಲಕ್ಷ. ಮಿತಿ 10 ಲಕ್ಷ. ಹೆಚ್ಚು ಬೇಕಾದರೆ ಪಟ್ಟಿ ಕೊಡಬೇಕು. ಒಡವೆಗೆ ಪ್ರತ್ಯೇಕ ಐಚ್ಛಿಕ ರಕ್ಷಣೆ ಇದೆ. ನಗದು, ಪತ್ರ-ದಾಖಲೆ, ವಾಹನ ಇದರೊಳಗೆ ಬರುವುದಿಲ್ಲ. ಶಾರ್ಟ್ ಸರ್ಕ್ಯೂಟ್ ಆಗಿ ಫ್ರಿಜ್ ಕೆಟ್ಟರೆ ಆ ಫ್ರಿಜ್ಜಿಗೆ ಪರಿಹಾರವಿಲ್ಲ. ಅದರಿಂದ ಹೊತ್ತಿದ ಬೆಂಕಿ ಅಡುಗೆಮನೆಗೆ ಹಬ್ಬಿದರೆ ಆ ಉಳಿದ ನಷ್ಟಕ್ಕೆ ಇದೆ.

ಯಾರೂ ಕೇಳದ ಒಂದು ಮಾತು, ಕೇಳಲೇಬೇಕಾದದ್ದು: ಕಳ್ಳತನ. ಊರಿಗೆ ಹೋದಾಗ ಬೀಗ ಒಡೆದು ಟಿವಿ ಹೊತ್ತೊಯ್ದರೆ ಈ ಪಾಲಿಸಿಯಿಂದ ಏನೂ ಬರುವುದಿಲ್ಲ. ಬೆಂಕಿ, ಪ್ರವಾಹದಂಥ ಅವಘಡವಾಗಿ, ಅದರ ಕಾರಣದಿಂದಲೇ 7 ದಿನದೊಳಗೆ ಕಳವಾದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಉಳಿದ ಕಳವಿಗೆ ಬರ್ಗ್ಲರಿ ವಿಮೆಯನ್ನು ಬೇರೆಯಾಗಿ ಕೊಳ್ಳಬೇಕು. ಅದರಲ್ಲಿ ಬೀಗ, ಬಾಗಿಲು ಮುರಿದ ಗುರುತು ಇರಲೇಬೇಕೆಂಬ ಷರತ್ತು ಇದೆಯೇ ಎಂದು ಸಹಿ ಹಾಕುವ ಮುನ್ನ ಓದಿ. ಕೆಲಸದವರೋ ಪರಿಚಯದವರೋ ಒಳಗಿನಿಂದ ಒಯ್ದ ಪ್ರಕರಣಗಳು ಅಲ್ಲೇ ಬಿದ್ದುಹೋಗುತ್ತವೆ.