ಪ್ಯಾಚ್ ಹಾಕಿದ ಮೇಲೂ ಕೀ ಏಕೆ ಬದಲಿಸಬೇಕು?

ಪ್ರಶ್ನೆ: ಸರ್, ನಮ್ಮ ಹಳೆಯ ಸರ್ವರ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷವಿತ್ತು. ಓಪನ್‌ಎಸ್‌ಎಸ್‌ಎಲ್ ಅಪ್‌ಡೇಟ್ ಮಾಡಿದ್ದೇವೆ. ಆದರೂ ಕೀ, ಸರ್ಟಿಫಿಕೇಟ್, ಪಾಸ್‌ವರ್ಡ್ ಎಲ್ಲವನ್ನೂ ಬದಲಿಸಿ ಎನ್ನುತ್ತೀರಲ್ಲ, ಏಕೆ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಬದಲಿಸಲೇಬೇಕು. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಆದರೂ ‘ಪ್ಯಾಚ್ ಹಾಕಿದರೆ ಹಿಂದಿನದೂ ಸರಿಹೋಗುತ್ತದೆ’ ಎಂಬ ನಂಬಿಕೆ ಅಳಿಯುತ್ತಿಲ್ಲವಾದ್ದರಿಂದ ಮತ್ತೊಮ್ಮೆ ಬುಡದಿಂದಲೇ ಹೇಳುತ್ತೇನೆ. ಓಪನ್‌ಎಸ್‌ಎಸ್‌ಎಲ್ ಎಂದರೆ ತಾಣಕ್ಕೂ ಬಳಕೆದಾರರಿಗೂ ನಡುವಿನ ಸಂವಹನವನ್ನು ಗುಟ್ಟಾಗಿಡುವ ತಂತ್ರಾಂಶ ಲೈಬ್ರರಿ. ಖಾಸಗಿ ಕೀ ಎಂದರೆ ಅದಕ್ಕೆ ಬಳಸುವ ರಹಸ್ಯ ಸಂಖ್ಯೆ, ಸರ್ಟಿಫಿಕೇಟ್ ಎಂದರೆ ಆ ಕೀ ನಿಮ್ಮ ತಾಣದ್ದೇ ಎನ್ನುವ ಪ್ರಮಾಣಪತ್ರ, ಪ್ಯಾಚ್ ಎಂದರೆ ದೋಷಕ್ಕೆ ಹಾಕುವ ದುರಸ್ತಿ.

ನಮ್ಮ ಎಪಿಎಂಸಿಯ ಒಂದು ಮಂಡಿಗೆ ಯಾರೋ ಫೋನ್ ಮಾಡಿ, ‘ಲೈನಿನಲ್ಲಿದ್ದರೆ ಮೆಕ್ಕೆಜೋಳ ಎಂಬ 4 ಅಕ್ಷರಗಳನ್ನು ತಿರುಗಿ ಹೇಳಿ’ ಎಂದರೆಂದುಕೊಳ್ಳಿ. ಗುಮಾಸ್ತರು ಅದನ್ನು ಖಾತೆ ಪುಸ್ತಕದ ಖಾಲಿ ಜಾಗದಲ್ಲಿ ಬರೆದುಕೊಂಡು ಓದಿ ಹೇಳುತ್ತಾರೆ. ಇನ್ನೊಬ್ಬ ಅದೇ ಪದವನ್ನು ಹೇಳಿ ‘64,000 ಅಕ್ಷರ ಓದಿ’ ಎಂದಾಗ, ಎಣಿಸಿ ನೋಡದ ಗುಮಾಸ್ತರು ಮೆಕ್ಕೆಜೋಳದ ಪಕ್ಕದಲ್ಲಿರುವ ರೈತರ ಬಾಕಿಯನ್ನೂ ತಿಜೋರಿಯ ಗುಟ್ಟನ್ನೂ ಒಂದೇ ಉಸಿರಿನಲ್ಲಿ ಓದಿಬಿಡುತ್ತಾರೆ. ಹಾರ್ಟ್‌ಬ್ಲೀಡ್ ಎಂದರೆ ಇಷ್ಟೇ: ಒಂದು ಕೋರಿಕೆಗೆ ಸರ್ವರ್‌ನ ಮೆಮೊರಿಯಿಂದ 64 ಕಿಲೋಬೈಟ್‌ವರೆಗೆ ಸೋರುತ್ತಿತ್ತು, ಕೋರಿಕೆಯನ್ನು ಎಷ್ಟು ಸಲ ಬೇಕಾದರೂ ಕಳುಹಿಸಬಹುದಿತ್ತು. 2014ರ ಏಪ್ರಿಲ್ 7ರಂದು ಬಂದ ಓಪನ್‌ಎಸ್‌ಎಸ್‌ಎಲ್‌ನ 1.0.1ಜಿ ಆವೃತ್ತಿಯು ಗುಮಾಸ್ತರಿಗೆ ಅಕ್ಷರ ಎಣಿಸುವುದನ್ನು ಕಲಿಸಿತು. ಲೆಕ್ಕ ಹೊಂದದ ಕೋರಿಕೆಗೆ ಈಗ ಉತ್ತರವೇ ಇಲ್ಲ. ಆದರೆ ದೋಷವಿದ್ದ ಆವೃತ್ತಿ ಹೊರಬಂದ 2012ರ ಮಾರ್ಚ್‌ನಿಂದ ಅಲ್ಲಿಯವರೆಗೆ ಓದಿ ಹೇಳಿದ್ದನ್ನು ಕೇಳಿಸಿಕೊಂಡವರ ಕಿವಿಯಿಂದ ಅದನ್ನು ಯಾವ ಪ್ಯಾಚ್ ಹಿಂದಕ್ಕೆ ತರುತ್ತದೆ?

‘ಲಾಗ್‌ನಲ್ಲಿ (ಸರ್ವರ್‌ನ ದಿನಚರಿ ದಾಖಲೆಯಲ್ಲಿ) ಏನೂ ಕಾಣಲಿಲ್ಲ’ ಎನ್ನುವವರಿದ್ದಾರೆ. ಸಾಮಾನ್ಯ ಲಾಗ್‌ಗಳಲ್ಲಿ ಈ ದಾಳಿಯ ಗುರುತು ಉಳಿಯುತ್ತಲೇ ಇರಲಿಲ್ಲ. ‘ಪಾಸ್‌ವರ್ಡ್ ಸೋರಿರಬಹುದು, ಖಾಸಗಿ ಕೀ ಸೋರದು’ ಎನ್ನುವವರೂ ಇದ್ದಾರೆ. ಇದೇ ಅನುಮಾನದಿಂದ ಕ್ಲೌಡ್‌ಫ್ಲೇರ್ ಸಂಸ್ಥೆಯು ದೋಷವಿರುವ ಸರ್ವರ್ ಒಂದನ್ನು ಬೇಕೆಂದೇ ತೆರೆದಿಟ್ಟು ‘ಕೀ ಕದಿಯಿರಿ’ ಎಂದು ಸವಾಲು ಹಾಕಿದಾಗ, ಕೆಲವೇ ಗಂಟೆಗಳಲ್ಲಿ ಕೀ ಪರರ ಪಾಲಾಯಿತು. ಕೀ ಸಿಕ್ಕವನು ನಿಮ್ಮ ಹೆಸರಿನಲ್ಲಿ ಬೇರೊಂದು ತಾಣವನ್ನು ನಿಲ್ಲಿಸಬಹುದು. ಪ್ರತಿ ಸಂಪರ್ಕದ ಗುಟ್ಟನ್ನೂ ಇದೇ ಕೀಯಿಂದ ಬಿಡಿಸಬಹುದಾದ ಹಳೆಯ ಬಗೆಯ ಕೀ ವಿನಿಮಯವಿದ್ದಲ್ಲಿ, ಹಿಂದೆ ಹಿಡಿದಿಟ್ಟ ಸಂವಹನವನ್ನೂ ಬಿಡಿಸಿ ಓದಬಹುದು.

ಆದ್ದರಿಂದ ಅಪ್‌ಡೇಟ್ ಆದೊಡನೆ ಲೈಬ್ರರಿಯನ್ನು ಬಳಸುವ ಸೇವೆಗಳನ್ನೆಲ್ಲ ಮರುಪ್ರಾರಂಭಿಸಿ. ಇಲ್ಲದಿದ್ದರೆ ಮೆಮೊರಿಯಲ್ಲಿ ಹಳೆಯ ಲೈಬ್ರರಿಯೇ ಓಡುತ್ತಿರುತ್ತದೆ. ಬಳಿಕ ಹೊಸ ಕೀ, ಅದರ ಮೇಲೆ ಹೊಸ ಸರ್ಟಿಫಿಕೇಟ್, ಹಳೆಯದರ ರದ್ದತಿ, ಕಟ್ಟಕಡೆಗೆ ಪಾಸ್‌ವರ್ಡ್. ಹಳೆಯ ಕೀಲಿಗೇ ಹೊಸ ಸರ್ಟಿಫಿಕೇಟ್ ಪಡೆದು ನಿಶ್ಚಿಂತರಾದವರೂ ಆಗ ಕಡಿಮೆ ಇರಲಿಲ್ಲ. ಬೀಗದ ಮೇಲೆ ಹೊಸ ಚೀಟಿ ಅಂಟಿಸಿದಂತಾಯಿತು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಪ್‌ಡೇಟ್ ಆದ ಮೇಲೂ ಕೆಲವು ಯಂತ್ರಗಳು ಆವೃತ್ತಿಯನ್ನು 1.0.1ಇ ಎಂದೇ ತೋರಿಸುತ್ತವೆ. ಡೆಬಿಯನ್, ರೆಡ್ ಹ್ಯಾಟ್‌ನಂಥ ಲಿನಕ್ಸ್ ವಿತರಣೆಗಳು ಹೊಸ ಆವೃತ್ತಿಯನ್ನು ತಾರದೆ, ದುರಸ್ತಿಯನ್ನಷ್ಟೇ ಹಳೆಯದಕ್ಕೆ ಹೊಲಿಯುತ್ತವೆ. ಕೊನೆಯ ಅಕ್ಷರವನ್ನು ಕಂಡು ಗಾಬರಿಯಾಗದೆ, ಪ್ಯಾಕೇಜಿನ ಬದಲಾವಣೆ ಪಟ್ಟಿಯಲ್ಲಿ ಸಿವಿಇ-2014-0160 ಎಂಬ ಈ ದೋಷದ ಗುರುತು ಸಂಖ್ಯೆ ಇದೆಯೇ ಎಂದು ನೋಡಿ.