ರಸ್ತೆಗೂ ಟ್ರ್ಯಾಕ್‌ಗೂ ಒಂದೇ ಬ್ರೇಕ್ ಪ್ಯಾಡ್ ಸಾಕಾಗುತ್ತಾ?

ಪ್ರಶ್ನೆ: ನನ್ನ ಸ್ಪೋರ್ಟ್ಸ್ ಕಾರನ್ನು ವಾರವೆಲ್ಲ ರಸ್ತೆಯಲ್ಲೇ ಓಡಿಸುತ್ತೇನೆ, ಆಗಾಗ ಟ್ರ್ಯಾಕ್‌ಗೂ ಇಳಿಸುತ್ತೇನೆ. ಕಂಪನಿಯಿಂದ ಬಂದ ಪ್ಯಾಡ್ ನಾಲ್ಕೈದು ಲ್ಯಾಪ್ ಆಗುತ್ತಲೇ ಕೈಕೊಡುತ್ತಿದೆ. ಎರಡೂ ಕಡೆ ನಡೆಯುವಂಥ ಒಂದು ಪ್ಯಾಡ್ ಹೇಳಿ.

ಉತ್ತರ: ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಕಾಲಿನ ಕೆಳಗೆ ಏನಾಗುತ್ತಿದೆ ಅಂತ ಗಮನಿಸಿ. ಪೆಡಲ್ ಗಟ್ಟಿಯಾಗೇ ಇದೆ, ಎಷ್ಟು ತುಳಿದರೂ ಕಾರು ನಿಲ್ಲುತ್ತಿಲ್ಲ ಅಂದರೆ ಪ್ಯಾಡ್ ಅತಿಯಾಗಿ ಕಾದು ಹಿಡಿತ ಬಿಟ್ಟಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಇಳಿಯುತ್ತಾ ಹೋಗುತ್ತಿದೆ ಅಂದರೆ ಬ್ರೇಕ್ ಆಯಿಲ್ ಕುದಿಯುತ್ತಿದೆ. ಆಯಿಲ್‌ನಲ್ಲಿ ಎದ್ದ ಗುಳ್ಳೆಗಳನ್ನು ಅದುಮುವುದಕ್ಕೇ ನಿಮ್ಮ ಕಾಲಿನ ಬಲವೆಲ್ಲ ಹೋಗುತ್ತದೆ, ಪ್ಯಾಡನ್ನು ಡಿಸ್ಕ್‌ಗೆ ಅದುಮುವ ಕ್ಯಾಲಿಪರ್‌ಗೆ ಏನೂ ತಲುಪುವುದಿಲ್ಲ. ಈ ಎರಡನೆಯ ತೊಂದರೆಗೆ ಎಷ್ಟು ದುಬಾರಿ ಪ್ಯಾಡ್ ಹಾಕಿದರೂ ಪ್ರಯೋಜನವಿಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ‘ಡಾಟ್’ ಅನ್ನುವುದು ಆಯಿಲ್‌ನ ದರ್ಜೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1 ಆದರೆ 260 ಮತ್ತು 180. ಟ್ರ್ಯಾಕ್‌ಗೆಂದೇ ಮಾಡಿದ ಆಯಿಲ್‌ಗಳು ಹೊಸದಿದ್ದಾಗ 300 ಡಿಗ್ರಿ ದಾಟುತ್ತವೆ. ಹಾಗಾಗಿ ಮೊದಲು ಹಳೇ ಆಯಿಲ್ ಪೂರ್ತಿ ತೆಗೆಸಿ ಹೊಸದು ಹಾಕಿಸಿ. ಬರೀ ‘ಡಾಟ್ 5’ ಅಂತ ಇರುವುದು ಮಾತ್ರ ಬೇಡ. ಅದು ಸಿಲಿಕೋನ್, ಉಳಿದವುಗಳ ಜೊತೆ ಬೆರೆಸುವ ಹಾಗಿಲ್ಲ.

ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲುತ್ತಿಲ್ಲವಾದರೆ ಈಗ ಪ್ಯಾಡ್ ವಿಷಯಕ್ಕೆ ಬರೋಣ. ಇಲ್ಲಿ ಇರುವುದೆಲ್ಲ ಶಾಖದ ಲೆಕ್ಕ. 1500 ಕೆ.ಜಿ. ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ ಸುಮಾರು 2 ಲಕ್ಷ ಜೂಲ್ ಶಕ್ತಿ ಶಾಖವಾಗುತ್ತದೆ. ಅದೇ ಕಾರು ಟ್ರ್ಯಾಕ್‌ನಲ್ಲಿ 200ರಿಂದ 100ಕ್ಕೆ ಇಳಿದರೆ ಸುಮಾರು 17 ಲಕ್ಷ ಜೂಲ್! ಕಾರು ನಿಂತೂ ಇಲ್ಲ, ಶಾಖ ಮಾತ್ರ ಎಂಟು ಪಟ್ಟಿಗೂ ಜಾಸ್ತಿ. ಅದು ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ. ಜಿಗುಟಾದ ಟ್ರ್ಯಾಕ್ ಟೈರ್ ಹಾಕಿದ್ದರೆ ಕೇಳುವುದೇ ಬೇಡ, ಇನ್ನೂ ತಡವಾಗಿ, ಇನ್ನೂ ಜೋರಾಗಿ ಬ್ರೇಕ್ ಒತ್ತುತ್ತೀರಿ.

ರಸ್ತೆಯ ಪ್ಯಾಡ್‌ಗಳು ತಣ್ಣಗಿದ್ದಾಗಲೂ ಚೆನ್ನಾಗಿ ಹಿಡಿಯುತ್ತವೆ. ಆದರೆ ಡಿಸ್ಕ್ ಸುಮಾರು 350–400 ಡಿಗ್ರಿ ದಾಟಿದರೆ ಬಹುತೇಕ ಪ್ಯಾಡ್‌ಗಳಲ್ಲಿ ಹಿಡಿತ ಸಡಿಲವಾಗುತ್ತದೆ. ಅಪ್ಪಟ ಟ್ರ್ಯಾಕ್ ಪ್ಯಾಡ್‌ಗಳು 600–700 ಡಿಗ್ರಿಯಲ್ಲೂ ಜಗ್ಗುವುದಿಲ್ಲ. ಅವುಗಳ ಸಮಸ್ಯೆ ಶುರುವಾಗುವುದು ಕೆಳಗಿನ ತುದಿಯಲ್ಲಿ. ಬೆಳಗ್ಗೆ ಮನೆಯಿಂದ ಹೊರಟು ಮೊದಲ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದಾಗ ಕಾರು ಅಂದುಕೊಂಡದ್ದಕ್ಕಿಂತ ಮುಂದೆ ಹೋಗಿ ನಿಲ್ಲುತ್ತದೆ. ಮಳೆಯಿದ್ದರೆ ಮತ್ತೂ ಮುಂದೆ. ಅಡ್ಡ ಬರುವ ಮಗು ಪ್ಯಾಡ್ ಬಿಸಿಯಾಗುವವರೆಗೆ ಕಾಯುವುದಿಲ್ಲ, ಅಲ್ವಾ? ಆದ್ದರಿಂದ ಪ್ಯಾಡ್ ಎಷ್ಟು ಶಾಖ ತಡೆಯುತ್ತದೆ ಅಂತ ಕೇಳುವಷ್ಟೇ ಜೋರಾಗಿ, ತಣ್ಣಗಿದ್ದಾಗ ಹೇಗೆ ಹಿಡಿಯುತ್ತದೆ ಅಂತಲೂ ಕೇಳಿ.

ಪ್ಯಾಡ್ ಮೇಲೆ ‘ಎಫ್‌ಎಫ್’, ‘ಜಿಜಿ’ ಅಂತ ಎರಡು ಅಕ್ಷರ ಅಚ್ಚಾಗಿರುವುದನ್ನು ನೋಡಿರಬಹುದು. ಮೊದಲನೆಯದು ಸಾಧಾರಣ ಬಿಸಿಯಲ್ಲಿನ ಹಿಡಿತ, ಎರಡನೆಯದು ಹೆಚ್ಚು ಬಿಸಿಯಲ್ಲಿನದು. ಎಫ್ ಅಂದರೆ ಘರ್ಷಣೆಯ ಅಂಕ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಕೇಳಲು ಚೆನ್ನಾಗಿದೆ. ಆದರೆ ಆ ಪರೀಕ್ಷೆ ಟ್ರ್ಯಾಕ್‌ನ ಶಾಖದವರೆಗೆ ಹೋಗುವುದೇ ಇಲ್ಲ. ಜಿಜಿ ಅಂತ ನೋಡಿ ಸುಮ್ನೆ ಕೊಳ್ಳಬೇಡಿ. ತಯಾರಕರು ಕೊಡುವ ಶಾಖ ಮತ್ತು ಹಿಡಿತದ ಗ್ರಾಫ್ ಕೇಳಿ ನೋಡಿ. ಗೆರೆ ಎತ್ತರದಲ್ಲಿದೆಯಾ ಅನ್ನುವುದಕ್ಕಿಂತ ಸಮವಾಗಿದೆಯಾ ಅನ್ನುವುದು ಮುಖ್ಯ. ಸಮವಾಗಿದ್ದರೆ ಲ್ಯಾಪ್‌ನಿಂದ ಲ್ಯಾಪ್‌ಗೆ ಪೆಡಲ್ ಒಂದೇ ಥರ ಇರುತ್ತದೆ.

ನಿಮ್ಮ ಕಾರು ನಿಜಕ್ಕೂ ಎಷ್ಟು ಕಾಯುತ್ತದೆ ಅಂತ ತಿಳಿಯಲು ಒಂದು ಸುಲಭದ ದಾರಿಯಿದೆ. ಶಾಖಕ್ಕೆ ಬಣ್ಣ ಬದಲಿಸುವ ಪೇಂಟ್ ಸಿಗುತ್ತದೆ. ಡಿಸ್ಕ್‌ನ ಅಂಚಿಗೆ ಹಸಿರು, ಕಿತ್ತಳೆ, ಕೆಂಪು ಮೂರು ಚುಕ್ಕೆ ಇಡುತ್ತಾರೆ. ಹಸಿರು ಸುಮಾರು 430 ಡಿಗ್ರಿಯಲ್ಲಿ, ಕಿತ್ತಳೆ 560ರಲ್ಲಿ, ಕೆಂಪು 610ರಲ್ಲಿ ಬಣ್ಣ ಬಿಡುತ್ತದೆ. ಟ್ರ್ಯಾಕ್‌ನಿಂದ ಬಂದು ಚಕ್ರ ಬಿಚ್ಚಿದಾಗ ಹಸಿರು ಮಾತ್ರ ಬೆಳ್ಳಗಾಗಿದ್ದರೆ ಮಧ್ಯಮ ದರ್ಜೆಯ ಪ್ಯಾಡ್ ಸಾಕು. ಕೆಂಪೂ ಹೋಗಿದ್ದರೆ ಒಂದೇ ಪ್ಯಾಡ್‌ನ ಆಸೆ ಬಿಡಿ.

ಮಧ್ಯಮ ದರ್ಜೆಯಲ್ಲಿ ಫೆರೋಡೋ ಡಿಎಸ್2500, ಹಾಕ್ ಎಚ್‌ಪಿ ಪ್ಲಸ್, ಇಬಿಸಿ ಯೆಲ್ಲೋಸ್ಟಫ್‌ನಂಥವು ಬರುತ್ತವೆ. ಮಾಮೂಲಿ ಟೈರ್, ಚಿಕ್ಕ ಸೆಷನ್, ಹಗುರ ಕಾರು ಇದ್ದರೆ ಇವು ಎರಡೂ ಕಡೆ ತಕ್ಕಮಟ್ಟಿಗೆ ನಡೆಯುತ್ತವೆ. ಕಿರ್ ಅನ್ನುವ ಸದ್ದು, ಅಲಾಯ್ ಮೇಲೆ ಕರಿ ಧೂಳು ಕಂಪನಿ ಪ್ಯಾಡ್‌ಗಿಂತ ಜಾಸ್ತಿ ಇರಬಹುದು. ಅದು ಸಹಿಸಬೇಕಾದ ಮಾತು. ನಿಮ್ಮ ಕಾರಿಗೆ ಕಾರ್ಬನ್ ಸೆರಾಮಿಕ್ ಡಿಸ್ಕ್ ಇದ್ದರೆ ಮಾತ್ರ ಅದಕ್ಕೆಂದೇ ಮಾಡಿದ ಪ್ಯಾಡ್ ಬಿಟ್ಟು ಬೇರೇನೂ ಹಾಕಬೇಡಿ. ನಿಮ್ಮಲ್ಲಿ ರಸ್ತೆಗೆ ಇಳಿಯುವ ಪ್ಯಾಡ್ ಮೇಲೆ ಮಂಜೂರಾತಿ ಗುರುತು ಇರಲೇಬೇಕೆಂಬ ಕಾನೂನು ಇದೆಯಾ ಅಂತಲೂ ನೋಡಿಕೊಳ್ಳಿ. ಬಹಳಷ್ಟು ಟ್ರ್ಯಾಕ್ ಪ್ಯಾಡ್‌ಗಳಿಗೆ ಅದು ಇರುವುದಿಲ್ಲ.

ಟ್ರ್ಯಾಕ್ ಚಟ ಜಾಸ್ತಿಯಾದವರಿಗೆ ನನ್ನ ಸಲಹೆ ಎರಡು ಸೆಟ್. ಫಿಕ್ಸೆಡ್ ಕ್ಯಾಲಿಪರ್ (ಡಿಸ್ಕ್‌ನ ಎರಡೂ ಬದಿ ಪಿಸ್ಟನ್ ಇರುವಂಥದ್ದು) ಆದರೆ ಹಲವು ಕಾರುಗಳಲ್ಲಿ ಎರಡು ಪಿನ್ ತೆಗೆದರೆ ಪ್ಯಾಡ್ ಕೈಗೆ ಬರುತ್ತದೆ. ತೊಡಕು ಇರುವುದು ಡಿಸ್ಕ್‌ನಲ್ಲಿ. ಪ್ಯಾಡ್ ತನ್ನ ವಸ್ತುವಿನ ಒಂದು ತೆಳು ಪದರವನ್ನು ಡಿಸ್ಕ್ ಮೇಲೆ ಅಂಟಿಸಿರುತ್ತದೆ, ಹಿಡಿತದ ಬಹುಪಾಲು ಬರುವುದು ಅದರಿಂದಲೇ. ಬೇರೆ ಜಾತಿಯ ಪ್ಯಾಡ್ ಹಾಕಿದಾಗ ಹಳೇ ಪದರ ಹೋಗಿ ಹೊಸದು ಕೂರಬೇಕು. ಅದು ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳುವಾದರೆ ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗುತ್ತದೆ. ‘ಡಿಸ್ಕ್ ಬೆಂಡ್ ಆಗಿದೆ’ ಅಂತ ಮೆಕ್ಯಾನಿಕ್ ಹೇಳುವುದು ಎಷ್ಟೋ ಸಲ ಇದನ್ನೇ. ಒಂದೇ ತಯಾರಕರ, ಹೊಂದಿಕೊಳ್ಳುವ ರಸ್ತೆ ಮತ್ತು ಟ್ರ್ಯಾಕ್ ಪ್ಯಾಡ್ ಆರಿಸಿದರೆ ಈ ರಗಳೆ ಕಡಿಮೆ. ಹೊಸ ಪ್ಯಾಡನ್ನು ಬೆಡ್ಡಿಂಗ್ ಮಾಡುವ, ಅಂದರೆ ಆ ಪದರವನ್ನು ಡಿಸ್ಕ್ ಮೇಲೆ ಸಮವಾಗಿ ಕೂರಿಸುವ ಕ್ರಮ ಅವರೇ ಕೊಟ್ಟಿರುತ್ತಾರೆ, ಅದನ್ನು ಬಿಡಬೇಡಿ. ಟ್ರ್ಯಾಕ್‌ನಿಂದ ಒಳಬರುವ ಮುಂಚೆ ಒಂದು ಲ್ಯಾಪ್ ನಿಧಾನಕ್ಕೆ ಸುತ್ತಿ. ನಿಂತ ಮೇಲೆ ಪೆಡಲ್ ತುಳಿದುಕೊಂಡಿರಬೇಡಿ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ.

ಮುಂದಿನ ಚಕ್ರಕ್ಕಷ್ಟೇ ಒಳ್ಳೇದು ಹಾಕಿಸಿ ಹಿಂದಿನದನ್ನು ಹಾಗೇ ಬಿಡುವುದು ಖರ್ಚು ಉಳಿಸುವವರ ದಾರಿ. ಆಗ ಹಿಂದಿನ ಬ್ರೇಕ್ ಅರ್ಧ ಕೆಲಸಕ್ಕೆ ನಿಂತು ಮುಂದಿನದರ ಮೇಲೇ ಭಾರ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು ಹಿಂದೆ ಜೋರಾದ ಪ್ಯಾಡ್ ಹಾಕುವುದು. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಕಾರಿನ ಬಾಲ ಮುಂದೆ ಬರುತ್ತದೆ. ಎಬಿಎಸ್‌ನ ಲೆಕ್ಕಾಚಾರವೂ ಮೂಲ ಸಮತೋಲವನ್ನು ನಂಬಿಕೊಂಡೇ ಇರುತ್ತದೆ. ನಾಲ್ಕೂ ಚಕ್ರಕ್ಕೆ ಹೊಂದುವ ಜೋಡಿಯನ್ನೇ ಹಾಕಿಸಿ.

ಕೊನೆಗೆ ದಪ್ಪ. ರಸ್ತೆಯಲ್ಲಿ 3 ಮಿ.ಮೀ. ಉಳಿಯುವವರೆಗೂ ಓಡಿಸುವವರಿದ್ದಾರೆ. ಟ್ರ್ಯಾಕ್‌ನಲ್ಲಿ ಹಾಗೆ ಆಗದು. ಪ್ಯಾಡ್ ತೆಳುವಾದಷ್ಟೂ ಶಾಖ ಪಿಸ್ಟನ್ ದಾಟಿ ಆಯಿಲ್‌ಗೆ ಇಳಿಯುತ್ತದೆ. ಹೊಸದರಲ್ಲಿ ಸಾಮಾನ್ಯವಾಗಿ ಇರುವ 10–12 ಮಿ.ಮೀ.ನಲ್ಲಿ ಅರ್ಧ ಸವೆದಿದ್ದರೆ ಟ್ರ್ಯಾಕ್ ದಿನಕ್ಕೆ ಹೊಸದು ಹಾಕಿ. ತೆಗೆದದ್ದು ಮಧ್ಯಮ ದರ್ಜೆಯ ಪ್ಯಾಡ್ ಆಗಿದ್ದರೆ ಎಸೆಯಬೇಡಿ, ರಸ್ತೆಗೆ ಇನ್ನೂ ಬಹಳ ದಿನ ಬರುತ್ತದೆ.